ತೆಂಗಿನೆಣ್ಣೆ ಹೊಯ್ದ ಎಂಜಿನ್ನು

ಕೋಲ್ಕತ್ತಕ್ಕೆ ಚಳಿಗಾಲ ಬಂತೆಂದು ನನಗೆ ಹೇಳುವುದು ಪಂಚಾಂಗವಲ್ಲ, ಬಚ್ಚಲುಮನೆಯ ತೆಂಗಿನೆಣ್ಣೆ ಬಾಟಲಿ. ಮೊನ್ನೆ ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳೋಣವೆಂದು ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಮೊಮ್ಮಗಳು ನೋಡಿ, "ಅಜ್ಜ, ಆಯಿಲ್ ಜಮ್ ಗಯಾ, ಹಾಟ್ ವಾಟರ್‌ನಲ್ಲಿ ಇಡಿ" ಎಂದು ಮೂರು ಭಾಷೆ ಸೇರಿಸಿ ಒಂದು ಸಲಹೆ ಕೊಟ್ಟು ಶಾಲೆಗೆ ಓಡಿದಳು. ಬಿಸಿನೀರಿನ ಚೊಂಬಿನಲ್ಲಿ ಬಾಟಲಿ ಇಟ್ಟು ಅದು ಕರಗುವುದನ್ನೇ ನೋಡುತ್ತ ಕೂತೆ. ನನ್ನ ತಲೆಯಲ್ಲಿ ಈಗ ಉಳಿದಿರುವ ಕೂದಲಿಗೆ ಎರಡು ತೊಟ್ಟು ಎಣ್ಣೆ ಧಾರಾಳವಾಯಿತು. ಆದರೂ ಮುಕ್ಕಾಲು ಗಂಟೆ ಕೂತಿದ್ದೆ.

ತೆಂಗಿನೆಣ್ಣೆಯ ವಿಷಯದಲ್ಲಿ ನಾವು ಉಡುಪಿ ಕಡೆಯವರು ಸ್ವಲ್ಪ ಮೂಢರು, ಒಪ್ಪಿಕೊಳ್ಳುತ್ತೇನೆ. ಸುಟ್ಟ ಗಾಯಕ್ಕೆ ಅದೇ, ಹೊಟ್ಟೆನೋವಿಗೆ ಹೊಕ್ಕುಳಿಗೆ ಅದೇ, ಕಿರುಗುಟ್ಟುವ ಬಾಗಿಲಿಗೆ ಅದೇ, ಬೆರಳಿನಲ್ಲಿ ಸಿಕ್ಕಿಬಿದ್ದ ಉಂಗುರಕ್ಕೂ ಅದೇ. ಸಾಸಿವೆ ಎಣ್ಣೆಯ ಘಾಟಿನ ಈ ಊರಿಗೆ ಬಂದಮೇಲಂತೂ ನಮ್ಮ ಭಕ್ತಿ ಇನ್ನೂ ಬಲಿಯಿತು. ಊರಿನಿಂದ ಯಾರೇ ರೈಲು ಹತ್ತಲಿ, ಅವರ ಕೈಯಲ್ಲಿ ಗಾಣದ ಎಣ್ಣೆಯ ಒಂದು ಡಬ್ಬಿ ನಮಗೆ ಬರಲೇಬೇಕು. ಅಂಥ ಒಂದು ಡಬ್ಬಿಯನ್ನು ನಾನು ಕಾರಿನ ಎಂಜಿನ್ನಿಗೆ ಹೊಯ್ದೆ. ನಗಬೇಡಿ. ನಗಲೇಬೇಕೆಂದಿದ್ದರೆ ಪೂರ್ತಿ ಕೇಳಿದ ಮೇಲೆ ನಗಿ, ಯಾಕೆಂದರೆ ನಾನು ಮಾಡಿದ ತಪ್ಪುಗಳಲ್ಲಿ ಅದು ಚಿಕ್ಕದು.

ಕಾರು ನನ್ನದಲ್ಲ, ನನ್ನ ಹೆಂಡತಿ ಜಲಜಳ ಅಪ್ಪನದು. ಮಾವ ಕಾಳಿಘಾಟಿನ ಹತ್ತಿರ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ಯಾತ್ರೆಗೆ ಬಂದ ದಕ್ಷಿಣದವರು ದೇವಿಯ ದರ್ಶನ ಮುಗಿಸಿ ನೇರ ನಮ್ಮ ಇಡ್ಲಿಯ ದರ್ಶನಕ್ಕೆ ಬರುತ್ತಿದ್ದರು. ದೇಶ ಬಿಟ್ಟು ಹೊರಟ ಒಬ್ಬ ಬಿಳಿಯ ಸಾಹೇಬರಿಂದ ಮಾವ ಆ ಗಾಡಿ ಕೊಂಡಿದ್ದರಂತೆ. ಕಪ್ಪು ಬಣ್ಣ, ದುಂಡು ದೀಪ, ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಕೆಮ್ಮುತ್ತ ಏಳುವ ಪುಟ್ಟ ವಿಲಾಯಿತಿ ಕಾರು. ಮಾವನಿಗೆ ಮುಂಜಾನೆಯ ಮಬ್ಬಿನಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಗಂಡುಮಕ್ಕಳೂ ಇರಲಿಲ್ಲ. ಹಾಗಾಗಿ ಹದಿನೆಂಟು ತುಂಬಿದ ಮಗಳಿಗೇ ಗಾಡಿ ಬಿಡಲು ಕಲಿಸಿದರು. ಬೆಳಗಾಗುತ್ತಿದ್ದಂತೆ ಜಲಜ ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರುಕಟ್ಟೆಗೆ ಹೋಗಿ ತೆಂಗಿನಕಾಯಿ, ಬಾಳೆಎಲೆ, ಕುಂಬಳಕಾಯಿ ತುಂಬಿಕೊಂಡು ಬರುತ್ತಿದ್ದಳು. ಟ್ರಾಮು, ಕೈರಿಕ್ಷಾ, ರಸ್ತೆಗೆ ಅಡ್ಡ ಮಲಗಿದ ಹೋರಿ, ಇವೆಲ್ಲದರ ನಡುವೆ ಕಾವಲಿಯ ಮೇಲೆ ದೋಸೆಹಿಟ್ಟು ತಿರುಗಿಸಿದಷ್ಟು ಸಲೀಸಾಗಿ ಗಾಡಿ ತಿರುಗಿಸುತ್ತಿದ್ದಳು. ಅವಳಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆಯೂ ಅಷ್ಟಕ್ಕಷ್ಟೆ. ಆ ಸ್ಟೇರಿಂಗ್ ಹಿಂದೆ ಕೂತರೆ ಸಾಕಿತ್ತು.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಊರಿನಿಂದ ಬಂದ ನಾನು ಎರಡೇ ವರ್ಷದಲ್ಲಿ ಅಳಿಯನಾಗಿ ಕೂತೆ. ಮದುವೆಯಾದ ಹೊಸತರಲ್ಲಿ ನನಗೂ ಹೆಮ್ಮೆಯೇ. ಅವಳ ಪಕ್ಕದಲ್ಲಿ ಕೂತು ಕಿಟಕಿಗೆ ಮೊಣಕೈ ಊರಿ ಊರೆಲ್ಲ ನೋಡುತ್ತಿದ್ದೆ. ಒಂದು ದಿನ ನಮ್ಮ ಕಡೆಯವರೇ ಒಬ್ಬ ಗಿರಾಕಿ, ರೈಲ್ವೆಯಲ್ಲಿ ಗುಮಾಸ್ತ, ಕಾಫಿ ಆರಿಸುತ್ತ ಕೇಳಿದರು: "ಏನು ಭಟ್ರೆ, ಮನೆಯ ಸ್ಟೇರಿಂಗ್ ಕೂಡ ಅವರ ಕೈಯಲ್ಲೇ ಉಂಟಾ?"

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಮೀನು ತಿನ್ನದ ನನಗೆ ಈ ಉಪಮೆ ಕಲಿಸಿದ್ದು ಬಂಗಾಳ. ಮರುದಿನವೇ "ನನಗೂ ಕಲಿಸು" ಎಂದೆ. ಪಾಪ, ಸಂತೋಷದಿಂದ ಕಲಿಸಲು ಬಂದಳು. ಹಿಂದೆ ಬಿಡಿ ಎಂದರೆ ಮುಂದೆ ಬಿಟ್ಟು ನಮ್ಮದೇ ಹೋಟೆಲಿನ ಬೋರ್ಡಿಗೆ ಗುದ್ದಿದೆ. ಬೋರ್ಡು ಬಿದ್ದ ಸದ್ದಿಗೆ ಅಡುಗೆಯವರೆಲ್ಲ ಸೌಟು ಹಿಡಿದು ಹೊರಗೆ ಬಂದರು. ಜಲಜ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕೆಟ್ಟ ನಗು ಅಲ್ಲ ಅದು. ಈಗ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ. ಆ ದಿನದಿಂದ ನಾನು ಸ್ಟೇರಿಂಗ್ ಮುಟ್ಟಲಿಲ್ಲ.

ಮಾವ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಬ್ಯಾಟರಿ ಸತ್ತಿತು. ಬ್ಯಾಟರಿ ಮಾತ್ರ; ಅದರ ಕಿಡಿಯಿಲ್ಲದೆ ಹ್ಯಾಂಡಲ್ ತಿರುಗಿಸಿಯೂ ಪ್ರಯೋಜನವಿರಲಿಲ್ಲ. ಎಂಜಿನ್ನಿಗೆ ಏನೂ ಆಗಿರಲಿಲ್ಲ. "ನಾಳೆ ನೋಡುವಾ" ಎಂದೆ. ಹಿಂದಿನ ಅಂಗಳದ ತಗಡಿನ ಮಾಡಿನ ಕೆಳಗೆ ಗಾಡಿ ತಳ್ಳಿಸಿದೆ. ಸಾಮಾನು ತರಲು ಕೈಗಾಡಿಯವನನ್ನು ಗೊತ್ತುಮಾಡಿದೆ. ಜಲಜ ವಾರಕ್ಕೊಮ್ಮೆ ಕೇಳುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಆಯುಧಪೂಜೆಯ ದಿನ ಮಾತ್ರ. ಆ ದಿನ ಗಾಡಿ ಒರೆಸಿ, ಕುಂಕುಮ ಇಟ್ಟು, ದಾಸವಾಳ ಸಿಕ್ಕಿಸಿ ಬಂದು, "ಬ್ಯಾಟರಿ ಒಂದು ಹಾಕಿಸಿದ್ರೆ ಆಗ್ತಿತ್ತು" ಎನ್ನುವಳು. ನಾನು "ನಾಳೆ" ಎನ್ನುವೆ. ನಾಳೆ ಎಂದವನ ಮನೆ ಹಾಳು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನನ್ನ ಮನೆ ಹಾಳಾಗಲಿಲ್ಲ, ಹೋಟೆಲು ಚೆನ್ನಾಗಿಯೇ ನಡೆಯಿತು. ಅದಕ್ಕೇ ನನಗೆ ಬುದ್ಧಿ ಬರಲಿಲ್ಲವೇನೋ. ಹೀಗೆ ಏಳು ವರ್ಷ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಮಗೆ ಮದುವೆ ಮುಂಜಿಯ ಅಡುಗೆಯ ಕರೆ ಹೆಚ್ಚಾಯಿತು. ಊರಲ್ಲಿ ದಿನ ಬಿಟ್ಟು ದಿನ ಬಂದ್. ಸಾಂಬಾರಿನ ಕೊಪ್ಪರಿಗೆ ಕಂಡರೆ ಟ್ಯಾಕ್ಸಿಯವರು ಮುಖ ತಿರುಗಿಸುವರು. ಆಗ ನನಗೆ ಅಂಗಳದ ಗಾಡಿ ನೆನಪಾಯಿತು. ಕೊಪ್ಪರಿಗೆಗಾಗಿ ನೆನಪಾದದ್ದು, ಸತ್ಯ ಹೇಳಬೇಕಲ್ಲ. ಆದರೆ ಜಲಜಳ ಹತ್ತಿರ ಹೇಳಿದ್ದು ಬೇರೆ.

"ನಿನ್ನ ಕಾರು ರಿಪೇರಿ ಮಾಡಿಸ್ತೇನೆ."

ತೆಂಗಿನಕಾಯಿ ತುರಿಯುತ್ತಿದ್ದವಳು ತುರಿಮಣೆಯಿಂದ ತಲೆ ಎತ್ತಿದಳು. "ಸತ್ಯವಾ?"

"ಮತ್ತೆ ಸುಳ್ಳಾ?"

ಅವಳು ಮತ್ತೆ ತುರಿಯಲು ಬಗ್ಗಿದಳು. ಆ ಹೊತ್ತು ತುರಿದ ಕಾಯಿ ಮಾತ್ರ ಮೂರು ದಿನದ ಚಟ್ನಿಗಾಗುವಷ್ಟಿತ್ತು.

ಬೆಹಾಲಾದಿಂದ ನಿತಾಯ್ ಬಾಬು ಎಂಬ ಮೆಕ್ಯಾನಿಕ್ ಬಂದ. ಹಳೆಯ ಗಾಡಿ ಎಂದರೆ ಪ್ರಾಣ ಬಿಡುವ ಸಣಕಲು ಮನುಷ್ಯ. ಬಾನೆಟ್ ಎತ್ತಿದ, ಇಲಿಯ ಗೂಡು ತೆಗೆದ, ಮೂತಿಗೆ ಹ್ಯಾಂಡಲ್ ಹಾಕಿ ನೇತಾಡಿದ. ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. "ಎಂಜಿನ್ ಜಾಮ್ ಹೊಯೇ ಗೇಛೇ, ದಾದಾ" ಎಂದ. ಏಳು ವರ್ಷ ಅಲ್ಲಾಡದೆ ಪಿಸ್ಟನ್ನುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿವೆಯಂತೆ. ಪ್ಲಗ್ಗು ಬಿಚ್ಚಿದ ನಾಲ್ಕು ತೂತುಗಳಿಗೂ ಡೀಸೆಲ್ಲು ಮತ್ತು ಎಂಜಿನ್ ಎಣ್ಣೆ ಬೆರೆಸಿ ಹೊಯ್ದಿಡಿ, ಅದು ಮೆಲ್ಲಗೆ ಸಂದಿಗೆ ಇಳಿದು ಬಿಡಿಸುತ್ತದೆ, ಭಾನುವಾರ ಬರುತ್ತೇನೆ ಎಂದು ಹೋದ.

ಸಂಜೆ ನಾನು ಗಾಣದ ಎಣ್ಣೆಯ ಡಬ್ಬಿ ಹಿಡಿದು ಅಂಗಳಕ್ಕೆ ಹೊರಟೆ. ಜಲಜ ಅಡ್ಡ ಬಂದಳು.

"ಅದು ಆಗುದಿಲ್ಲ ಮಾರಾಯ್ರೆ. ಚಳಿಗೆ ಗಟ್ಟಿಯಾಗ್ತದೆ."

"ಊರಲ್ಲಿ ಯಾವತ್ತಾದ್ರೂ ಗಟ್ಟಿಯಾದ್ದು ನೋಡಿದ್ದೀಯಾ?"

"ಇದು ಊರಾ? ಹೋದ ಚಳಿಗೆ ಬಚ್ಚಲಲ್ಲಿ ಬಾಟಲಿ ಗಟ್ಟಿಯಾದ್ದು ಮರೆತು ಹೋಯ್ತಾ?"

"ಬಚ್ಚಲಿನದ್ದು ಅಂಗಡಿ ಎಣ್ಣೆ. ಇದು ಗಾಣದ್ದು. ಬೆರಳಿನ ಉಂಗುರ ಬಿಡಿಸುವ ಎಣ್ಣೆ ಪಿಸ್ಟನ್ ಬಿಡಿಸುದಿಲ್ವಾ? ನಿನಗೆ ಎಂತ ಗೊತ್ತು!"

ಎಂತ ಗೊತ್ತು ಎಂದು ನಾನು ಕೇಳಿದ್ದು ಯಾರನ್ನು ನೋಡಿ! ಅಪ್ಪನ ಜೊತೆ ಅದೇ ಗಾಡಿಯ ಅಡಿಗೆ ಮಲಗಿ ಎಣ್ಣೆ ಬದಲಿಸಿದವಳನ್ನು. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರೆ, ನನ್ನದು ಅಲ್ಪವಿದ್ಯೆಯೂ ಅಲ್ಲ. ನಾಲ್ಕು ತೂತಿಗೂ ಧಾರಾಳವಾಗಿ ಹೊಯ್ದೆ. ಸ್ವಲ್ಪ ಉಳಿದದ್ದನ್ನು ವ್ಯರ್ಥ ಮಾಡುವುದು ಯಾಕೆಂದು ಬಾಗಿಲಿನ ಬಿಜಾಗರಿಗೂ ಹಾಕಿದೆ.

ಆ ವಾರವೇ ಕಲ್ಕತ್ತದ ಚಳಿ ಇಳಿಯಬೇಕೆ! ಟ್ರಾಮಿನ ಕಂಡಕ್ಟರುಗಳು ಮಂಗನಟೋಪಿ ಹಾಕಿಕೊಂಡರು. ಭಾನುವಾರ ನಿತಾಯ್ ಬಾಬು ಬಂದು ಟಾರ್ಚು ಬಿಟ್ಟು ತೂತಿನಲ್ಲಿ ಇಣುಕಿದ. ಕಡ್ಡಿ ಹಾಕಿ ಕೆದಕಿದ. ಕಡ್ಡಿಯ ತುದಿಯಲ್ಲಿ ಬೆಣ್ಣೆಯ ಹಾಗೆ ಬೆಳ್ಳಗಿನದು ಬಂತು. ಮೂಸಿ ನೋಡಿ ನನ್ನ ಮುಖ ನೋಡಿದ. "ಎ ಕೀ ಕೊರೇಛೇನ್, ದಾದಾ!" ಇದೇನು ಮಾಡಿದ್ದೀರಿ ಎಂದು ಕೇಳುವಾಗ ಅವನ ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. ಇನ್ನು ಎಂಜಿನ್ನಿನ ತಲೆ ಬಿಚ್ಚಬೇಕು, ಈ ಕಾಲದಲ್ಲಿ ಅದರ ಗ್ಯಾಸ್ಕೆಟ್ಟು ಎಲ್ಲಿ ಸಿಗುತ್ತದೆ, ಬಿಟ್ಟುಬಿಡಿ ದಾದಾ, ಗುಜರಿಗೆ ಕೊಡಿ ಎಂದು ಬೀಡಿ ಹಚ್ಚಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಲಜ ಗುಜರಿ ಎಂಬ ಮಾತು ಕೇಳಿ ಅಂಗಳಕ್ಕಿಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಏಳು ವರ್ಷದಲ್ಲಿ ಅವಳು ಸೆರಗು ಹಾಗೆ ಸಿಕ್ಕಿಸಿದ್ದನ್ನು ನಾನು ನೋಡಿರಲಿಲ್ಲ.

"ಇಡ್ಲಿ ಹಂಡೆಯಲ್ಲಿ ನೀರು ಕುದಿತಾ ಉಂಟು. ತನ್ನಿ," ಎಂದಳು.

ರೇಡಿಯೇಟರಿನ ಅಡಿಯ ನಲ್ಲಿ ತೆರೆದಳು. ಮೇಲಿನ ಮುಚ್ಚಳ ತೆಗೆಸಿದಳು. ನಾನು ಚೊಂಬಿನಲ್ಲಿ ಬಿಸಿನೀರು ತರುವುದು, ಅವಳು ಮೇಲಿನಿಂದ ಮೆಲ್ಲಗೆ ಹೊಯ್ಯುವುದು, ಕೆಳಗೆ ಕೆಂಪು ತುಕ್ಕುನೀರು ಹರಿದುಹೋಗುವುದು. ಎಂಜಿನ್ನಿನ ಮೈಯೊಳಗೆಲ್ಲ ಆ ನೀರು ಸುತ್ತುತ್ತದಂತೆ, ಹೊರಗಿನಿಂದ ಎಷ್ಟು ಕಾಯಿಸಿದರೂ ಹಾಗಾಗುವುದಿಲ್ಲವಂತೆ. ಮೊದಲು ಬೆಚ್ಚಗಿನದು, ಆಮೇಲೆ ಬಿಸಿಯದು, ಕೊನೆಗೆ ಕೊತಕೊತ ಕುದಿಯುವುದು. "ಒಟ್ಟಿಗೇ ಹೊಯ್ದ್ರೆ ಎಂಜಿನ್ನಿನ ಬೀಡುಕಬ್ಬಿಣ ಬಿರೀತದೆ" ಎಂದು ನನಗೂ ನಿತಾಯ್ ಬಾಬುವಿಗೂ ಇಬ್ಬರಿಗೂ ಪಾಠ ಹೇಳಿದಳು. ನಡುನಡುವೆ ಎಂಜಿನ್ನಿನ ಮೈಗೆ ಅಂಗೈ ಇಟ್ಟು ನೋಡುವಳು. ಆ ಬೆಳಿಗ್ಗೆ ಎರಡು ಹಂಡೆ ನೀರು ಗಾಡಿ ಕುಡಿಯಿತು. ಮುಂದೆ ಗಿರಾಕಿಗಳು ಇಡ್ಲಿ ಇಡ್ಲಿ ಎಂದು ಕೂಗುತ್ತಿದ್ದರು. ಹೋಟೆಲು ಹುಟ್ಟಿದಾಗಿನಿಂದ ಮೊದಲ ಸಲ ನಮ್ಮಲ್ಲಿ ಇಡ್ಲಿ ಇಲ್ಲ ಎಂದೆವು.

ತೂತಿನೊಳಗೆ ಬಿಳಿಯದು ಕರಗಿ ಕನ್ನಡಿಯ ಹಾಗಾಯಿತು. ಜಲಜ ಒಳಗೆ ಕೂತು ಟಾಪ್ ಗೇರಿಗೆ ಹಾಕಿ, "ಈಗ ಹಿಂದೆ ಮುಂದೆ ಅಲ್ಲಾಡಿಸಿ" ಎಂದಳು. ಅಡುಗೆಯವರು, ಬಡಿಸುವವರು, ಎದುರು ಅಂಗಡಿಯ ಮಿಠಾಯಿಯವನು, ಎಲ್ಲರೂ ಕೈಹಾಕಿದರು. ಹಿಂದೆ, ಮುಂದೆ, ಹಿಂದೆ, ಮುಂದೆ. ಎಷ್ಟು ಸಲವೋ. ಒಂದು ಸಲ ಒಳಗೆಲ್ಲೋ ಟಕ್ ಎಂದಿತು. ಗಾಡಿ ಒಂದು ಗೇಣು ಜರುಗಿತು. ನಿತಾಯ್ ಬಾಬು ಬೀಡಿ ಎಸೆದು ಹ್ಯಾಂಡಲ್ ಹಾಕಿದ. ತಿರುಗಿತು!

"ಬೌದಿ, ನೀವು ನನ್ನ ಗ್ಯಾರೇಜಿಗೆ ಬಂದುಬಿಡಿ" ಎಂದು ಅವಳನ್ನು ಅತ್ತಿಗೆ ಎಂದು ಕರೆದು ಕೈಮುಗಿದ. ಆಮೇಲೆ ಕೇಳಿದ, "ಬೌದಿ ಕಬೇ ಚಾಲಾಬೇನ್?" ಯಾವತ್ತು ಓಡಿಸುತ್ತೀರಿ ಎಂದು. ಜಲಜ ನನ್ನ ಕಡೆ ನೋಡಿದಳು. ನಾನು ಆ ಹೊತ್ತಿಗೆ ಸರಿಯಾಗಿ ಇಡ್ಲಿಯ ಚಿಂತೆ ನೆನಪಾಗಿ ಒಳಗೆ ಹೋದೆ.

ಮುಂದಿನ ಮೂರು ವಾರ ಅವಳು ಮಧ್ಯಾಹ್ನ ಮಲಗಲಿಲ್ಲ. ನಿತಾಯ್ ಬಾಬು ಬಿಚ್ಚಿಕೊಟ್ಟ ಕಾರ್ಬುರೇಟರನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಪೆಟ್ರೋಲಿನಲ್ಲಿ ತೊಳೆದಳು. ಟ್ಯಾಂಕಿನ ತಳದ ಬೆಲ್ಲದ ಪಾಕದಂಥ ಹಳೆಯ ಪೆಟ್ರೋಲು ತೆಗೆಸಿದಳು, ಹೊಸ ಬ್ಯಾಟರಿ ಹಾಕಿಸಿದಳು. ಊಟದ ಹೊತ್ತಿಗೆ ಅವಳ ಬಾಯಲ್ಲಿ ಪಾಯಿಂಟು, ಕಾಯಿಲು, ಪ್ಲಗ್ಗಿನ ಸಂದಿ ಇದೇ ಮಾತು. ಮದುವೆಯಾದ ಮೇಲೆ ಅವಳು ನನ್ನ ಹತ್ತಿರ ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ನಾನು ಹ್ಞೂಂ ಹ್ಞೂಂ ಎನ್ನುತ್ತ ಊಟ ಮಾಡಿದೆ.

ಎಂಜಿನ್ ಎದ್ದ ದಿನ ನೀವು ಇರಬೇಕಿತ್ತು. ನಿತಾಯ್ ಬಾಬು ಹ್ಯಾಂಡಲ್ ತಿರುಗಿಸಿದ, ಜಲಜ ಒಳಗೆ ಕೂತು ಚೋಕು ಎಳೆದಳು. ನಾಲ್ಕನೆಯ ಸಲಕ್ಕೆ ಗಾಡಿ ಕೆಮ್ಮಿತು, ಸೀನಿತು, ಎದ್ದಿತು. ಹಿಂದಿನಿಂದ ಬೆಳ್ಳಗೆ ಹೊಗೆ. ಒಳಗೆ ಉಳಿದಿದ್ದ ತೆಂಗಿನೆಣ್ಣೆ ಉರಿದು ಗಲ್ಲಿಗೆ ಗಲ್ಲಿಯೇ ಬಾಳೆಕಾಯಿ ಉಪ್ಪೇರಿ ಕರಿದ ಹಾಗೆ ಪರಿಮಳ. ಪಕ್ಕದ ಮನೆಯ ಮುದುಕಿ ಕಿಟಕಿ ತೆರೆದು, ಏನು ವಿಶೇಷ, ಮನೆಯಲ್ಲಿ ಮದುವೆಯೇ ಎಂದು ಕೇಳಿದಳು. ಜಲಜಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು.

ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ನನ್ನ ಜಾಣತನ ಬಾಕಿ ಇತ್ತಲ್ಲ.

ಮುಂದಿನ ಭಾನುವಾರ ಗಾಡಿಯ ಪೂಜೆಗೆಂದು ದೇವಸ್ಥಾನಕ್ಕೆ ಹೋಗುವುದೆಂದಾಯಿತು. ಜಲಜ ಸ್ನಾನ ಮಾಡಿ, ಹತ್ತಿಸೀರೆ ಉಟ್ಟು, ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು. ಕಂಕುಳಲ್ಲಿ ಒಂದು ಸಣ್ಣ ದಿಂಬು. ಅವಳು ಗಿಡ್ಡ, ಅಡಿಗೆ ದಿಂಬು ಹಾಕಿಕೊಳ್ಳದೆ ಕೂತರೆ ಮುಂದಿನ ರಸ್ತೆ ಕಾಣದು. ಅದಕ್ಕೆ ಹೊಸ ಗವಸು ಹೊಲಿದಿದ್ದಳು.

ಅಂಗಳದಲ್ಲಿ ಗಾಡಿಯ ಪಕ್ಕ ಬಿಳಿ ಬಟ್ಟೆ ತೊಟ್ಟ ರಾಮ್‌ಬಿಲಾಸ್ ಎಂಬವನು ನಿಂತಿದ್ದ. ನಾನು ಹಿಂದಿನ ದಿನ ಗೊತ್ತುಮಾಡಿದ ಡ್ರೈವರು. ಅವಳನ್ನು ಕಂಡದ್ದೇ ಸಲಾಮು ಹೊಡೆದು ಹಿಂದಿನ ಬಾಗಿಲು ತೆರೆದ.

ಜಲಜ ನನ್ನನ್ನು ನೋಡಿದಳು. ನಾನು ದೊಡ್ಡ ಉಡುಗೊರೆ ಕೊಟ್ಟವನ ಹಾಗೆ ಹಲ್ಲು ಕಿರಿದೆ. "ಇನ್ನು ನಿನಗೆ ಕಷ್ಟ ಬೇಡ. ರಾಣಿಯ ಹಾಗೆ ಹಿಂದೆ ಕೂತ್ಕೋ."

ಮೋಸ ಮಾಡಬೇಕೆಂದು ಮಾಡಿದ್ದಲ್ಲ, ದೇವರಾಣೆ. ಡ್ರೈವರು ಇಟ್ಟರೆ ಗಿರಾಕಿಗಳ ಬಾಯಿಯೂ ಮುಚ್ಚುತ್ತದೆ, ಹೆಂಡತಿಗೂ ಗೌರವ ಎಂದು ನಿಜವಾಗಿ ನಂಬಿದ್ದೆ. ನಾಲ್ಕು ಜನ ಏನಂದಾರು ಎನ್ನುವುದನ್ನು ಗೌರವ ಎಂದು ತಿಳಿದವನು ನಾನು. ಅವಳು ಹಿಂದೆ ಕೂತಳು. ದಿಂಬನ್ನು ಮಡಿಲಲ್ಲಿಟ್ಟುಕೊಂಡಳು.

ಬರುವಾಗ ಟ್ರಾಮಿನ ಹಳಿಯ ಮೇಲೆ ಗಾಡಿ ನಿಂತಿತು. ಹಿಂದಿನಿಂದ ಟ್ರಾಮು ಗಂಟೆ ಬಾರಿಸುತ್ತಿದೆ, ರಾಮ್‌ಬಿಲಾಸ್ ಗಾಬರಿಯಲ್ಲಿ ಏನೇನೋ ಎಳೆಯುತ್ತಿದ್ದಾನೆ. ಹಿಂದಿನ ಸೀಟಿನಿಂದ ಮೆಲ್ಲನೆ ಹಿಂದಿಯಲ್ಲಿ ಮಾತು ಬಂತು: ಚೋಕು ಪೂರ್ತಿ ಒಳಗೆ ತಳ್ಳು, ಪೆಡಲು ಅರ್ಧ ಒತ್ತು. ಗಾಡಿ ಎದ್ದಿತು.

"ಅರೆ! ನಿನಗೆ ಇನ್ನೂ ಎಲ್ಲ ನೆನಪುಂಟಲ್ಲ!" ಎಂದು ನಾನು ಮುಂದಿನಿಂದ ತಿರುಗಿ ಮೆಚ್ಚಿದೆ.

"ಮರೆತಿದ್ರೆ ಒಳ್ಳೇದಿತ್ತು" ಎಂದಳು.

ಅವಳೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನಾನೂ ಎಷ್ಟೋ ಸಲ ಹಾಗೆಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅವಳು ಏಳು ವರ್ಷ ಕೇಳಿದ್ದಳು. ಮತ್ತೆ ಎಷ್ಟು ಕೇಳಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೋಟೆಲಿನವನಿಗೆ ಈ ಗಾದೆ ಬೇರೆಯವರು ಹೇಳಿಕೊಡಬೇಕಿಲ್ಲ.

ಎಪ್ಪತ್ತರ ದಶಕ ಪೂರಾ ಆ ಗಾಡಿ ಕೊಪ್ಪರಿಗೆ ಹೊತ್ತಿತು. ರಾಮ್‌ಬಿಲಾಸ್ ಊರಿಗೆ ಹೋದಾಗ ನಾನು ಗಾಡಿಗೆ ಬೀಗ ಹಾಕಿ ಬಸ್ಸಿನಲ್ಲಿ ಹೋದೆನೇ ಹೊರತು "ನೀನು ಬಿಡು" ಎನ್ನಲಿಲ್ಲ. ಬಾಯಿಯ ತುದಿಗೆ ಬಂದದ್ದುಂಟು. ಒಮ್ಮೆ ಅಂದರೆ ಅಷ್ಟು ವರ್ಷ ಯಾಕೆ ಅನ್ನಲಿಲ್ಲ ಎಂಬ ಪ್ರಶ್ನೆ ಏಳುತ್ತದಲ್ಲ, ಅದಕ್ಕೆ ಹೆದರಿ ನುಂಗಿಕೊಂಡೆ.

ದಶಕದ ಕೊನೆಗೆ ಸಣ್ಣ ವ್ಯಾನು ಕೊಂಡು ಕಾರು ಮಾರುವುದೆಂದು ತೀರ್ಮಾನಿಸಿದೆ. ಹಳೆಯ ಗಾಡಿಗಳ ಹುಚ್ಚಿನ ಒಬ್ಬ ಬಂಗಾಳಿ ವಕೀಲರು ಕೊಳ್ಳಲು ಬಂದರು. ಕಾಗದಪತ್ರ ಕೇಳಿದರು. ಜಲಜ ಒಳಗಿನಿಂದ ಮಾವನ ಕಾಲದ ತಗಡಿನ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟು ಹೋದಳು. ಗಾಡಿಯ ಪುಸ್ತಕ, ತೆರಿಗೆಯ ರಸೀದಿ, ಒಂದೊಂದೇ ತೆಗೆದು ವಕೀಲರಿಗೆ ಕೊಡುತ್ತಿದ್ದೆ. ತಳದಲ್ಲಿ ಬಟ್ಟೆಯ ರಟ್ಟಿನ ಸಣ್ಣ ಪುಸ್ತಕವೊಂದಿತ್ತು. ಜಲಜಳ ಡ್ರೈವಿಂಗ್ ಲೈಸೆನ್ಸು. ಹದಿನೆಂಟರ ಹುಡುಗಿಯ ಫೋಟೋ, ಎರಡು ಜಡೆ.

ಯಾವಾಗಲೋ ಅವಧಿ ಮುಗಿದಿರಬೇಕೆಂದು ಪುಟ ಮಗುಚಿದೆ. ಮುಗಿದಿರಲಿಲ್ಲ. ಮುಗಿದಾಗಲೆಲ್ಲ ನವೀಕರಿಸಿದ ಮೊಹರು ಬಿದ್ದಿತ್ತು. ಗಾಡಿ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ ಏಳು ವರ್ಷದಲ್ಲೂ, ರಾಮ್‌ಬಿಲಾಸ್ ಓಡಿಸಿದ ವರ್ಷಗಳಲ್ಲೂ. ಕೊನೆಯ ಮೊಹರು ಅದೇ ವರ್ಷದ್ದು. ಯಾವ ನೆಪ ಹೇಳಿ ಹೋಗಿದ್ದಳೋ, ಯಾವ ಟ್ರಾಮು ಹತ್ತಿ, ಯಾವ ಸಾಲಿನಲ್ಲಿ ನಿಂತು ಮಾಡಿಸಿಕೊಂಡು ಬಂದಿದ್ದಳೋ.

ಅಡುಗೆಮನೆಗೆ ಹೋಗಿ ಅವಳ ಮುಂದೆ ಹಿಡಿದೆ. "ಇದೆಂತ?"

ಅವಳು ಒಲೆಯಿಂದ ಕಣ್ಣು ತೆಗೆಯಲಿಲ್ಲ. "ಯಾವತ್ತಾದ್ರೂ ನೀವು ಬಿಡು ಅಂದ್ರೆ ಕೈಯಲ್ಲಿರಲಿ ಅಂತ."

ಗಾಡಿ ಇನ್ನೂ ನಮ್ಮ ಅಂಗಳದಲ್ಲೇ ಇತ್ತು. ಎಂಜಿನ್ ಸರಿಯಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಲೈಸೆನ್ಸು ನನ್ನ ಕೈಯಲ್ಲೇ ಇತ್ತು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಹೊರಗೆ ವಕೀಲರು, "ಭಟ್‌ಬಾಬು, ಚಾಬಿ?" ಎಂದು ಕರೆದರು.

ನಾನು ಹೊರಗೆ ಹೋಗಿ ಗಾಡಿಯ ಕೀಲಿಕೈ ಕೊಟ್ಟುಬಿಟ್ಟೆ.